ತುರ್ತು ಫೋನಿಗೆ ಸರ್‌ಚಾರ್ಜು: ಕೊಡೋಣ, ಲೆಕ್ಕವನ್ನೂ ಕೇಳೋಣ

ಅಪಾಯದಲ್ಲಿರುವವರ ಕರೆಗೆ ಓಗೊಡುವ ವ್ಯವಸ್ಥೆಗೆ ಹಣ ಬೇಕು. ಆ ಹಣವನ್ನು ಫೋನು ಬಳಸುವವರಿಂದಲೇ ಸರ್‌ಚಾರ್ಜಿನ ರೂಪದಲ್ಲಿ ಎತ್ತುವುದು ನ್ಯಾಯವೇ? ನ್ಯಾಯವೆಂದೇ ನಮ್ಮ ಅಭಿಮತ. ಆದರೆ ಎತ್ತಿದ ಹಣ ಯಾವ ಪೆಟ್ಟಿಗೆಗೆ ಬೀಳುತ್ತದೆಂಬುದು ಮೊದಲೇ ಗೊತ್ತಾಗಬೇಕು. ಇದಕ್ಕೆ ಅಮೇರಿಕದ ಅನುಭವವೇ ಸಾಕ್ಷಿ.

ಅಲ್ಲಿ 911 ಸಂಖ್ಯೆಗೆ ಮೊದಲ ಕರೆ ಹೋದದ್ದು 1968ರ ಫೆಬ್ರವರಿ 16ರಂದು, ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ. ಮೊಬೈಲು ಬಂದ ಮೇಲೆ ಕರೆದವರು ಎಲ್ಲಿದ್ದಾರೆಂದು ತಿಳಿಯುವುದೇ ಸಮಸ್ಯೆಯಾಯಿತು, ಯಂತ್ರಗಳನ್ನು ಬದಲಿಸಬೇಕಾಯಿತು. ಇಂಥ ಖರ್ಚಿಗೆಂದು ಅಲ್ಲಿನ ರಾಜ್ಯಗಳು ಫೋನ್ ಬಿಲ್ಲಿನಲ್ಲೇ ತಿಂಗಳ ಶುಲ್ಕ ವಸೂಲು ಮಾಡುತ್ತವೆ. ನ್ಯೂಯಾರ್ಕ್ ರಾಜ್ಯ ಮೊಬೈಲೊಂದಕ್ಕೆ 1 ಡಾಲರ್ 20 ಸೆಂಟ್ ವಿಧಿಸಿತು. ಅದರ ದೊಡ್ಡ ಪಾಲು ಸರಕಾರದ ಸಾಮಾನ್ಯ ಬೊಕ್ಕಸಕ್ಕೆ ಹೋಯಿತು. ಯಾವ ರಾಜ್ಯ ಈ ಹಣವನ್ನು ಬೇರೆಡೆಗೆ ತಿರುಗಿಸಿತೆಂದು ಕೇಂದ್ರದ ಸಂಪರ್ಕ ಆಯೋಗ ಪ್ರತಿವರ್ಷ ಸಂಸತ್ತಿಗೆ ವರದಿ ಒಪ್ಪಿಸಬೇಕೆಂದು 2008ರಲ್ಲಿ ಕಾನೂನೇ ಆಯಿತು. ಆಮೇಲೂ 2019ರ ಒಂದೇ ವರ್ಷದಲ್ಲಿ ಐದು ರಾಜ್ಯಗಳು ಸುಮಾರು 20 ಕೋಟಿ ಡಾಲರನ್ನು ಹೀಗೆ ತಿರುಗಿಸಿದ್ದು ವರದಿಯಾಯಿತು. ಹೆಸರು ಬಯಲಾದರೂ ನಾಚದವರು ಎಲ್ಲ ದೇಶಗಳಲ್ಲೂ ಇದ್ದಾರೆನ್ನಿ!

ನಮ್ಮಲ್ಲಿ 112ರ ವ್ಯವಸ್ಥೆಗೆ ಕೇರಳ ಸೇರಿದ್ದು 2019ರ ಫೆಬ್ರವರಿಯಲ್ಲಿ. ದೇಶದ ಮಟ್ಟಿಗೆ ಈ ಯೋಜನೆಗೆ ನಿರ್ಭಯಾ ನಿಧಿಯಿಂದ 321 ಕೋಟಿ ರೂಪಾಯಿಗೂ ಮಿಕ್ಕಿ ತೆಗೆದಿರಿಸಲಾಯಿತು, ಸರ್‌ಚಾರ್ಜು ಹಾಕಲಿಲ್ಲ. ಆದರೆ ಸೆಸ್ ಎಂಬ ಪದ ನಮಗೆ ಹೊಸತಲ್ಲ. 2019ರ ಆಗಸ್ಟ್‌ನಿಂದ ಎರಡು ವರ್ಷ ಶೇ. 1 ಪ್ರವಾಹ ಸೆಸ್ ಕೊಟ್ಟೆವು. 2023ರ ಏಪ್ರಿಲ್‌ನಲ್ಲಿ ಪೆಟ್ರೋಲು ಡೀಸೆಲಿಗೆ ಲೀಟರಿಗೆ 2 ರೂಪಾಯಿ ಸೆಸ್ ಬಂತು. ಯಂತ್ರಗಳು ಹಳತಾದಾಗ ಫೋನಿನ ರೀಚಾರ್ಜಿಗೂ ಒಂದು ರೂಪಾಯಿ ಸೇರಿದರೆ ನಾವು ಬೆರಗಾಗಬೇಕಿಲ್ಲ.

ಆ ರೂಪಾಯಿಯನ್ನು ಗಡಿನಾಡ ಕನ್ನಡಿಗರೂ ಕೊಡುವವರೇ. ಹಾಗಿದ್ದರೆ ಅದು ನಮಗೆ ಕೊಂಡುಕೊಡುವುದು ಏನನ್ನು? 112ಕ್ಕೆ ಮಾಡಿದ ಕರೆ ಮೊದಲು ಮುಟ್ಟುವುದು ತಿರುವನಂತಪುರದ ನಿಯಂತ್ರಣ ಕೇಂದ್ರಕ್ಕೆ. ಎಣ್ಮಕಜೆಯ ಒಳಭಾಗದಿಂದಲೋ ದೇಲಂಪಾಡಿಯಿಂದಲೋ ಒಬ್ಬ ಅಜ್ಜಿ ನಡುರಾತ್ರಿ, “ಬರೆ ಜರಿದು ಮನೆ ಮೇಲೆ ಬಿದ್ದಿದೆ, ಸಂಕ ದಾಟಿ ಬನ್ನಿ” ಎಂದರೆ ಅಲ್ಲಿ ಕುಳಿತವರಿಗೆ ಬರೆ ಯಾವುದು, ಸಂಕ ಯಾವುದು? ಹೆದರಿದ ಬಾಯಿಗೆ ಬರುವುದು ಮನೆಮಾತು ಮಾತ್ರ. ಪೇಟೆಯಲ್ಲಿ ವ್ಯವಹಾರಕ್ಕೆ ಸಾಕಾಗುವ ಮಲಯಾಳ ಆಗ ನಾಲಗೆಗೆ ಬಾರದು. ಯಂತ್ರ ಅವಳ ಸ್ಥಳವನ್ನು ಭೂಪಟದಲ್ಲಿ ತೋರಿಸಬಹುದು. ಗೋಡೆಯಡಿಯಲ್ಲಿ ಎಷ್ಟು ಮಂದಿ ಸಿಕ್ಕಿಬಿದ್ದಿದ್ದಾರೆಂದು ಹೇಳಲಾರದು.

1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ನಾವು ಸರಕಾರಿ ಕಚೇರಿಗೆ ಕನ್ನಡದಲ್ಲಿ ಕಾಗದ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ಕಾಗದಕ್ಕೆ ಸಿಕ್ಕಿದ ಈ ಹಕ್ಕು ಪ್ರಾಣ ಹೋಗುವ ಹೊತ್ತಿನ ಕರೆಗೆ ಬೇಡವೇ? ಅಮೇರಿಕದ ಎಷ್ಟೋ 911 ಕೇಂದ್ರಗಳಲ್ಲಿ ಇಂಗ್ಲಿಷ್ ಬಾರದವರು ಕರೆದರೆ ದುಭಾಷಿಯೊಬ್ಬರನ್ನು ಅದೇ ಕರೆಗೆ ಸೇರಿಸಿಕೊಳ್ಳುತ್ತಾರೆ. ನಮ್ಮಲ್ಲಿ ದುಭಾಷಿಗಳನ್ನು ಹುಡುಕಿ ದೂರ ಹೋಗಬೇಕಾಗಿಯೂ ಇಲ್ಲ. ಕನ್ನಡ ಶಾಲೆಯಲ್ಲಿ ಓದಿ, ಮಲಯಾಳವನ್ನೂ ತುಳುವನ್ನೂ ನೀರು ಕುಡಿದಂತೆ ಮಾತಾಡುವ ಯುವಕ ಯುವತಿಯರು ಜಿಲ್ಲೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದಾರೆ.

ಆದುದರಿಂದ ಸರ್‌ಚಾರ್ಜಿನ ಮಾತು ಬಂದ ದಿನವೇ ಮಂಜೇಶ್ವರ, ಕಾಸರಗೋಡಿನ ಶಾಸಕರು ಸಭೆಯಲ್ಲಿ ಎರಡು ಶರತ್ತು ಇಡಬೇಕು: ಹಣಕ್ಕೆ ಪ್ರತ್ಯೇಕ ಖಾತೆ, ಕರೆಗೆ ಕನ್ನಡ ಬಲ್ಲ ಸಿಬ್ಬಂದಿ. ದರ ನಿಶ್ಚಯವಾದ ಮೇಲೆ ಕೇಳಿದರೆ ಯಾರೂ ಕಿವಿಗೊಡರು.

ಅಷ್ಟರ ತನಕ ನಾವು ಶಾಲೆಯವರು ಮಾಡಬಹುದಾದುದೊಂದಿದೆ. ಮನೆಯ ಪಂಚಾಯತು, ವಾರ್ಡು, ಹತ್ತಿರದ ಬಸ್‌ಸ್ಟಾಪು, ದಾರಿಯ ಗುರುತು, ಇಷ್ಟನ್ನು ಕನ್ನಡದಲ್ಲೂ ಮಲಯಾಳದಲ್ಲೂ ಒಂದು ಚೀಟಿಯಲ್ಲಿ ಮಕ್ಕಳಿಂದ ಬರೆಯಿಸಿ, ಫೋನಿಡುವ ಜಾಗದ ಗೋಡೆಗೆ ಅಂಟಿಸಲು ಹೇಳೋಣ. ಅಜ್ಜಿಯಂದಿರಿಗೆ ಅದನ್ನು ಒಂದೆರಡು ಸಲ ಓದಿಸಿಯೂ ಬಿಡಲಿ.