ಫಾರ್ಮ್‌ಹೌಸಿಗೆ ಸೈ, ಕುಲುಮೆಗೆ ಯಾಕೆ ಬೇಡ?

ನಮ್ಮ ಕಾಯ್ದೆಗಳ ಕಣ್ಣಿಗೆ ಹಳ್ಳಿಯ ನೆಲ ಎರಡೇ ಬಗೆ. ಊರೊಳಗಿನದು ಮಲಗುವ ಜಾಗ, ಊರಾಚೆಯದು ಉಳುವ ಜಾಗ. ಮಲಗುವ ಸೂರಿನ ಕೆಳಗೇ ಮಗ್ಗ ಹೂಡಿಕೊಂಡವರು, ಹೊಲದ ಬದಿಯಲ್ಲೇ ಶೆಡ್ ಹಾಕಿ ಕೂರಿಗೆ, ಕುಂಟೆ ರಿಪೇರಿ ಮಾಡುವವರು, ಗೋಡೆಯ ಆಚೆ ಒಲೆ, ಈಚೆ ಲೇತ್ ಇಟ್ಟುಕೊಂಡವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಬಂದರೂ ತಪ್ಪಿತಸ್ಥರಾಗಿ ಬರುತ್ತಾರೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಳ್ಳಿಯ ಕುಶಲಕರ್ಮಿ ತನ್ನದೇ ನೆಲದಲ್ಲಿ, ಎರಡು ಗುಂಟೆಯೊಳಗೆ, ಕೆಲಸದ ಶೆಡ್ಡನ್ನೂ ವಾಸದ ಮನೆಯನ್ನೂ ಒಟ್ಟಿಗೆ ಕಟ್ಟಿಕೊಳ್ಳುವುದಾದರೆ ಅವನಿಂದ ಭೂಪರಿವರ್ತನೆ ಕೇಳಬಾರದು. ನೆಲವೇ ಇಲ್ಲದವನಿಗೆ ಸರ್ಕಾರ ಕೊಡುವ ಮನೆಯಲ್ಲಿ ಕೆಲಸದ ಕೋಣೆಗೂ ದುಡ್ಡಿರಬೇಕು. ಈ ಎರಡನ್ನು ಬಿಟ್ಟು ಉಳಿದ ಎಲ್ಲ ‘ಗ್ರಾಮೀಣ ಉದ್ಯೋಗ’ದ ಮಾತು ವೇದಿಕೆಯ ಮೇಲಿನ ಮಾತು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಐಟಿಐ ಮುಗಿಸಿದ ಒಬ್ಬ ಹುಡುಗ, ಪೀಣ್ಯದಲ್ಲಿ ನಾಲ್ಕಾರು ವರ್ಷ ವೆಲ್ಡಿಂಗ್ ಮಾಡಿ, ಒಂದಿಷ್ಟು ಉಳಿಸಿಕೊಂಡು ಊರಿಗೆ ಮರಳಿದ್ದಾನೆ ಎಂದುಕೊಳ್ಳಿ. ರಸ್ತೆಗೆ ಹೊಂದಿಕೊಂಡಂತೆ ಮನೆತನದ ಒಂದೂವರೆ ಎಕರೆ ಇದೆ. ಗ್ರಾಮಠಾಣಾದೊಳಗೆ ಜಾಗ ಇಲ್ಲ. ಅಜ್ಜನ ಕಾಲದ ಮನೆಯನ್ನೇ ಮೂವರು ಚಿಕ್ಕಪ್ಪಂದಿರು ಹಂಚಿಕೊಂಡಿದ್ದಾರೆ. ಹೊಲದ ಅಂಚಿನಲ್ಲಿ ಮುಂದೆ ವೆಲ್ಡಿಂಗ್ ಶೆಡ್, ಹಿಂದೆ ಎರಡು ಕೋಣೆ ಕಟ್ಟಿ ಹೆಂಡತಿ ಮಕ್ಕಳೊಂದಿಗೆ ಇರಬೇಕೆಂಬುದು ಅವನ ಆಸೆ. ಇದರಲ್ಲಿ ದುರಾಸೆ ಏನಾದರೂ ಕಾಣುತ್ತದೆಯೇ?

ಈಗ ಅವನ ಓಡಾಟ ಶುರು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ದಕ್ಷಿಣದವರು ಇದನ್ನು ಕನ್ವರ್ಷನ್ ಎನ್ನುತ್ತಾರೆ, ಉತ್ತರದವರು ಎನ್.ಎ. ಎನ್ನುತ್ತಾರೆ. ಈಗ ಅಫಿಡವಿಟ್ ಕೊಟ್ಟು ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ಬಹಳ ಸಲೀಸು ಎಂದು ಹೇಳುತ್ತಾರೆ. ಅರ್ಜಿ ಹಾಕುವುದು ಸಲೀಸು ಇರಬಹುದು. ಆದರೆ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಮೊದಲು ಪೌತಿ ಖಾತೆ ಆಗಬೇಕು. ಚಿಕ್ಕಪ್ಪಂದಿರು ಸಹಿ ಹಾಕಬೇಕು. ಸರ್ವೆ ನಂಬರಿನ ಒಂದು ತುಂಡಿಗೆ ಮಾತ್ರ ಪರಿವರ್ತನೆ ಬೇಕಾದ್ದರಿಂದ 11ಇ ನಕ್ಷೆ ಆಗಬೇಕು, ಅದಕ್ಕೆ ಸರ್ವೆಯವರು ಬರಬೇಕು. ಎರಡು ಗುಂಟೆಯ ಶೆಡ್ಡಿಗೆ ಒಂದು ಇಡೀ ಮನೆತನದ ಪಾಲುವಾಟ್ನಿ ಇತ್ಯರ್ಥವಾಗಬೇಕು! ಹಳ್ಳಿಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು, ಅದು ಎಂಥ ಕೆಲಸವೆಂದು.

ಇಷ್ಟಾದ ಮೇಲೂ ಪ್ರಶ್ನೆ ಉಳಿಯುತ್ತದೆ. ಪರಿವರ್ತನೆ ಯಾವ ಉದ್ದೇಶಕ್ಕೆ? ವಾಸಕ್ಕೋ, ವಾಣಿಜ್ಯಕ್ಕೋ, ಕೈಗಾರಿಕೆಗೋ? ಅರ್ಜಿ ಕೇಳುವುದು ಹೀಗೆ. ಇವನ ಕಟ್ಟಡವೋ ಅರ್ಧ ಅದು, ಅರ್ಧ ಇದು. ವಾಸಕ್ಕೆಂದು ಮಾಡಿಸಿದರೆ ಶೆಡ್ಡು ಉಲ್ಲಂಘನೆ, ಕೈಗಾರಿಕೆಗೆಂದು ಮಾಡಿಸಿದರೆ ಮನೆ ಉಲ್ಲಂಘನೆ. ಜೊತೆಗೆ ವಿದ್ಯುತ್ ಯಂತ್ರ ಕೂರಿಸುವ ವರ್ಕ್‌ಶಾಪಿಗೆ ಪಂಚಾಯಿತಿಯ ಅನುಮತಿ ಬೇಕು. ಭೂಮಿಯ ಕಾಗದ ಸರಿಯಿಲ್ಲದೆ ಪಿಡಿಒ ಅದನ್ನು ಹೇಗೆ ಕೊಡುತ್ತಾರೆ?

ಕರೆಂಟಿನ ಕಥೆ ಕೇಳಿ. ಮನೆಯ ಮೀಟರಿನಿಂದ ವೆಲ್ಡಿಂಗ್ ಸೆಟ್ ಓಡಿಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಅಡಿ ಅದು ಅನಧಿಕೃತ ಬಳಕೆ. ಅನ್ವಯವಾಗುವ ದರದ ಎರಡು ಪಟ್ಟು ವಸೂಲಿ ಮಾಡಬಹುದು. ಎಂದಿನಿಂದ ಹೀಗೆ ಬಳಸಿದ್ದಾನೆಂದು ಗೊತ್ತಾಗದಿದ್ದರೆ ತಪಾಸಣೆಯ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕಬಹುದು. ಹಾಗಾದರೆ ಶೆಡ್ಡಿಗೇ ಬೇರೆ ಮೀಟರು ಕೊಡಿ ಎಂದರೆ ಕಟ್ಟಡದ ದಾಖಲೆ ತಾ ಎನ್ನುತ್ತಾರೆ. ಬ್ಯಾಂಕಿನಲ್ಲೂ ಅದೇ ರಾಗ. ಯಂತ್ರಕ್ಕೆ ಸಾಲ ಕೊಡುತ್ತೇವೆ, ಕಟ್ಟಡಕ್ಕೆ ಪರಿವರ್ತನೆಯ ಆದೇಶ ತಾ. ಎಲ್ಲ ದಾರಿಗಳೂ ಆ ಒಂದೇ ಕಾಗದದ ಮುಂದೆ ಬಂದು ನಿಲ್ಲುತ್ತವೆ.

ಇನ್ನು ಫಾರ್ಮ್‌ಹೌಸಿಗೆ ಬನ್ನಿ. ಅದೇ 95ನೇ ಕಲಂ ಏನು ಹೇಳುತ್ತದೆ? ಕೃಷಿಕ ತನ್ನ ಜಮೀನಿನಲ್ಲಿ ಕೃಷಿ ಕಟ್ಟಡವನ್ನೋ ತೋಟದ ಮನೆಯನ್ನೋ ಕಟ್ಟಿಕೊಳ್ಳಬಹುದು, ಹಿಡುವಳಿಯ ಶೇ. 10 ಮೀರಬಾರದು, ನಿಯಮದ ಗರಿಷ್ಠ ಮಿತಿಯೊಳಗಿರಬೇಕು. ಒಳ್ಳೆಯದೇ. ರೈತನಿಗೆ ಇದು ಬೇಕು. ಆದರೆ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ಕಿತ್ತು ಹಾಕಿದ ಮೇಲೆ ‘ಕೃಷಿಕ’ ಯಾರು? ಆದಾಯದ ಮಿತಿ ಇಲ್ಲ, ಕೃಷಿಕ ಕುಟುಂಬದವನೇ ಆಗಿರಬೇಕೆಂಬ ಷರತ್ತೂ ಇಲ್ಲ. ಬೆಂಗಳೂರಿನ ಉಳ್ಳವರು ನಮ್ಮೂರಲ್ಲಿ ಎರಡು ಎಕರೆ ಕೊಂಡು, ನಾಲ್ಕು ಸಾಲು ಮಾವಿನ ಗಿಡ ನೆಟ್ಟು, ವಾರಾಂತ್ಯಕ್ಕೆ ಬಂದು ಹೋಗಲು ಬಂಗಲೆ ಕಟ್ಟಿದರೆ ಅದು ತೋಟದ ಮನೆ. ಎರಡು ಎಕರೆಯ ಶೇ. 10 ಅಂದರೆ ಎಂಟು ಗುಂಟೆ! ಅದರ ಕಾಲುಭಾಗದಲ್ಲಿ, ಇಡೀ ವರ್ಷ ಅಲ್ಲೇ ಇದ್ದು ದುಡಿಯುವವನು ಶೆಡ್ಡು ಕಟ್ಟಿದರೆ ನೋಟಿಸ್.

ಇನ್ನೂ ಸಣ್ಣದಾಗಿ ನೋಡಿ. ಸ್ವಂತ ಟ್ರ್ಯಾಕ್ಟರ್ ನಿಲ್ಲಿಸಲು ಶೆಡ್ ಹಾಕಿದರೆ ಅದು ಕೃಷಿ ಕಟ್ಟಡ. ಅದೇ ಶೆಡ್ಡಿನಲ್ಲಿ ಪಕ್ಕದ ಹೊಲದವನ ಟ್ರೇಲರಿಗೆ ಬೆಸುಗೆ ಹಾಕಿ ಐನೂರು ರೂಪಾಯಿ ಪಡೆದರೆ ಅದು ಕೃಷಿಯೇತರ. ಕೂರಿಗೆ ಹೊಡೆಯುವುದು ಕೃಷಿ, ಕೂರಿಗೆಯ ತಾಳು ಸರಿಮಾಡುವುದು ಕೃಷಿಯಲ್ಲ. ಕಮ್ಮಾರ, ಬಡಿಗ ಇಲ್ಲದೆ ಒಕ್ಕಲುತನ ಎಂದಾದರೂ ನಡೆದಿದೆಯೇ? ಆಯಗಾರರನ್ನು ಊರಿನ ಕಣದಲ್ಲಿ ಆಯ ಕೊಟ್ಟು ಸಾಕಿದ್ದು ಧರ್ಮಕ್ಕಲ್ಲ, ಅವರಿಲ್ಲದೆ ಬಿತ್ತನೆ ಆಗುತ್ತಿರಲಿಲ್ಲ ಎಂಬ ಕಾರಣಕ್ಕೆ.

‘ಶೆಡ್ಡು ಬೇಕಾದರೆ ಹಾಕಿಕೊಳ್ಳಲಿ, ಮನೆ ಯಾಕೆ ಅಲ್ಲೇ?’ ಎಂದು ಕೇಳುವವರಿದ್ದಾರೆ. ಕೇಳುವವರು ಮುಂಗಾರಿನಲ್ಲಿ ಒಮ್ಮೆ ಹಳ್ಳಿಗೆ ಬರಲಿ. ರೋಹಿಣಿ ಮಳೆ ಬಿದ್ದು ಹದ ಸಿಕ್ಕ ರಾತ್ರಿ ಕಲ್ಟಿವೇಟರಿನ ಹಲ್ಲು ಮುರಿದರೆ ರೈತ ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆರೆಯಲಿ ಎಂದು ಕಾಯುವುದಿಲ್ಲ. ಅವನು ಬಾಗಿಲು ಬಡಿಯುತ್ತಾನೆ. ಎರಡನೆಯದು, ರಾತ್ರಿ ಯಾರೂ ಇಲ್ಲದ ಶೆಡ್ಡಿನಲ್ಲಿ ತಾಮ್ರದ ಕೇಬಲ್, ಗ್ರೈಂಡರ್, ಗ್ಯಾಸ್ ಸಿಲಿಂಡರ್ ಬೆಳಗಾಗುವವರೆಗೆ ಇರುತ್ತವೆಂಬ ಭರವಸೆ ಯಾರಿಗೂ ಇಲ್ಲ. ಮೂರನೆಯದು, ಈ ದುಡಿಮೆ ಒಬ್ಬನದ್ದಲ್ಲ, ಮನೆಮಂದಿಯದ್ದು. ಗುಳೇದಗುಡ್ಡದ ಖಣ, ಇಳಕಲ್ ಸೀರೆ ಹುಟ್ಟಿದ್ದು ಮನೆಯೊಳಗಿನ ಮಗ್ಗದಲ್ಲಿ. ಒಬ್ಬರು ನೇಯ್ದರೆ ಇನ್ನೊಬ್ಬರು ಕಂಡಿಕೆ ಸುತ್ತುತ್ತಾರೆ. 2019-20ರ ನಾಲ್ಕನೇ ಕೈಮಗ್ಗ ಗಣತಿ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರನ್ನು ಎಣಿಸಿತು. ಅವರಲ್ಲಿ ಬಹುಪಾಲು ಹೆಂಗಸರು. ಮನೆಯ ಪಕ್ಕದಲ್ಲೇ ಕೆಲಸದ ಜಾಗ ಇದ್ದರಷ್ಟೇ ಅವರು ದುಡಿಯಬಲ್ಲರು. ಜೋಳದ ರೊಟ್ಟಿ ಬಡಿದು ಪೇಟೆಗೆ ಕಳಿಸುವ ಅಕ್ಕಂದಿರಿಗೂ, ಹೊಲಿಗೆ ಯಂತ್ರ ಇಟ್ಟುಕೊಂಡವರಿಗೂ ಇದೇ ಮಾತು. ಬೇರೆ ಕೋಣೆ ಇಲ್ಲದೆ ಅಡುಗೆಮನೆ ಮೂಲೆಯಲ್ಲೇ ದುಡಿದರೆ ಆ ದುಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ. ‘ಏನ್ ಮಾಡ್ತಾರ? ಮನ್ಯಾಗಽ ಇರ್ತಾರ’ ಎಂಬಲ್ಲಿಗೆ ಮುಗಿಯಿತು.

ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. 1975ರಲ್ಲಿ ಹುಟ್ಟಿದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ನೇಕಾರರಿಗೆ ಮನೆ ಮತ್ತು ಮಗ್ಗದ ಶೆಡ್ ಒಟ್ಟಿಗಿರುವ ಕಾಲೊನಿಗಳನ್ನು ಕಟ್ಟಿಸಿತು. ಲಿಡ್ಕರ್ ಚರ್ಮ ಕುಶಲಕರ್ಮಿಗಳಿಗೆ ಇಂಥದೇ ವಸತಿ-ಕಾರ್ಯಾಗಾರಗಳನ್ನು ಕೊಟ್ಟಿತು. ಅಂದರೆ ವಾಸ ಮತ್ತು ಕೆಲಸ ಒಂದೇ ಸೂರಿನ ಕೆಳಗೆ ಇರಬಹುದು ಎಂಬುದನ್ನು ಸರ್ಕಾರವೇ ಒಪ್ಪಿದೆ. ತಾನು ಕಟ್ಟಿದರೆ ಯೋಜನೆ, ಬಡವ ತಾನೇ ಕಟ್ಟಿಕೊಂಡರೆ ಉಲ್ಲಂಘನೆ. ಇದು ಯಾವ ನ್ಯಾಯ ಸ್ವಾಮಿ?

ಈಗಿನ ಯೋಜನೆಗಳೋ ಒಂದಕ್ಕೊಂದು ಮಾತೇ ಆಡುವುದಿಲ್ಲ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ಶುರುಮಾಡಿತು. ಕಮ್ಮಾರ, ಬಡಗಿ, ಕುಂಬಾರ ಸೇರಿ 18 ಕಸುಬುಗಳು. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಅಡಮಾನವಿಲ್ಲದೆ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ, ಬಡ್ಡಿ ಶೇ. 5. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ. ಎಲ್ಲ ಸರಿ. ಆದರೆ ಆ ಉಪಕರಣ ಎಲ್ಲಿ ಇಡಬೇಕು? ಇನ್ನೊಂದು ಕಡೆ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ. ಬಯಲುಸೀಮೆಯಲ್ಲಿ ಮನೆಗೆ 1.20 ಲಕ್ಷ ರೂಪಾಯಿ ಸಹಾಯಧನ, ಕನಿಷ್ಠ ಅಳತೆ ಅಡುಗೆ ಜಾಗವೂ ಸೇರಿ 25 ಚದರ ಮೀಟರ್, ಅಂದರೆ ಸುಮಾರು 270 ಚದರಡಿ. ಆ ದುಡ್ಡಿನಲ್ಲಿ ಕನಿಷ್ಠದ ಮನೆ ಎದ್ದರೇ ದೊಡ್ಡದು. ಅಷ್ಟರಲ್ಲಿ ಐದು ಜನ ಮಲಗಿದ ಮೇಲೆ ಕುಂಬಾರನ ತಿಗರಿ ಎಲ್ಲಿ ತಿರುಗಬೇಕು? ಒಬ್ಬನೇ ಮನುಷ್ಯನನ್ನು ಒಂದು ಇಲಾಖೆ ‘ಕುಶಲಕರ್ಮಿ’ ಎನ್ನುತ್ತದೆ, ಇನ್ನೊಂದು ‘ವಸತಿರಹಿತ’ ಎನ್ನುತ್ತದೆ. ಇಬ್ಬರೂ ಒಬ್ಬನೇ ಎಂದು ಯಾವ ಫೈಲಿನಲ್ಲೂ ಇಲ್ಲ.

ಎದುರಿನವರ ಮಾತನ್ನೂ ಕೇಳೋಣ. ಮೊದಲ ಆಕ್ಷೇಪ: ಹೀಗೆ ಬಿಟ್ಟರೆ ಕೃಷಿ ಭೂಮಿ ಉಳಿಯುತ್ತದೆಯೇ? ಒಂದು ಎಕರೆಗೆ 40 ಗುಂಟೆ. ಎರಡು ಗುಂಟೆ ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಜಮೀನಿನ ಮಾಲೀಕ ಅಲ್ಲೇ ಇದ್ದು ಉಳಿದ ನೆಲವನ್ನು ಉಳುತ್ತಾನೆ. ಹೆದ್ದಾರಿ ಬದಿಯ ಹೊಲಗಳನ್ನು ನುಂಗಿದ್ದು ಕಮ್ಮಾರನ ಕುಲುಮೆಯಲ್ಲ, ಎಲ್ಲ ಕಾಗದವನ್ನೂ ಸರಿಯಾಗಿ ಮಾಡಿಸಿಕೊಂಡ ಲೇಔಟುಗಳು.

ಎರಡನೇ ಆಕ್ಷೇಪ ಗಟ್ಟಿಯಾದದ್ದು: ಬೆಂಕಿ, ಹೊಗೆ, ಸದ್ದು. ವೆಲ್ಡಿಂಗ್ ಹೊಗೆಯ ಪಕ್ಕದಲ್ಲಿ ಮಕ್ಕಳು ಮಲಗುವುದು ಒಳ್ಳೆಯದಲ್ಲ, ಒಪ್ಪೋಣ. ಆದರೆ ಈಗ ಅವರು ಎಲ್ಲಿ ಮಲಗಿದ್ದಾರೆ? ಅನುಮತಿ ಇಲ್ಲದ ತಗಡಿನ ಶೆಡ್ಡಿನಲ್ಲಿ, ಎಳೆದು ತಂದ ವೈರಿನ ಕೆಳಗೆ, ತಡೆಗೋಡೆ ಇಲ್ಲದೆ. ನಾಳೆ ಕೆಡವಬಹುದಾದ ಕಟ್ಟಡಕ್ಕೆ ಯಾರು ಪಾಯ ತೆಗೆದು ಇಟ್ಟಿಗೆ ಗೋಡೆ ಕಟ್ಟುತ್ತಾರೆ? ಕಾನೂನಿನ ಹೊರಗೆ ನಿಲ್ಲಿಸಿರುವುದರಿಂದಲೇ ಅದು ಅಪಾಯದ ಕಟ್ಟಡವಾಗಿದೆ. ಒಳಗೆ ಕರೆಯಿರಿ, ಷರತ್ತು ಹಾಕಿ. ಕೆಲಸದ ಜಾಗಕ್ಕೂ ವಾಸದ ಕೋಣೆಗೂ ನಡುವೆ ತೂತಿಲ್ಲದ ಪೂರ್ತಿ ಗೋಡೆ, ಎರಡಕ್ಕೂ ಬೇರೆ ಬಾಗಿಲು, ಗ್ಯಾಸ್ ಸಿಲಿಂಡರಿಗೆ ಹೊರಗೆ ಜಾಗ, ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿ ಹೊಗೆಗೆ ದಾರಿ. ಬಣ್ಣ ಅದ್ದುವುದು, ಹಳೇ ಬ್ಯಾಟರಿ ಕರಗಿಸುವುದು, ಪಟಾಕಿ ಇವನ್ನು ಈ ರಿಯಾಯಿತಿಯಿಂದ ಹೊರಗಿಡಿ. ಮಾಲಿನ್ಯ ಕಡಿಮೆ ಇರುವ ಉದ್ದಿಮೆಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ 2016ರಲ್ಲಿ ‘ಬಿಳಿ’ ವರ್ಗ ಮಾಡಿ, ತಿಳಿಸಿದರೆ ಸಾಕು ಎಂದಿದೆ. ದಾರಿ ಇದೆ, ನಡೆಯುವ ಮನಸ್ಸು ಬೇಕು.

ಮೂರನೇ ಆಕ್ಷೇಪ: ಕುಶಲಕರ್ಮಿಯ ಹೆಸರಿನಲ್ಲಿ ಉಳ್ಳವರು ನುಗ್ಗುತ್ತಾರೆ. ನುಗ್ಗುತ್ತಾರೆ, ಸಂಶಯವೇ ಬೇಡ. ಅದಕ್ಕೇ ಒಂದು ಕುಟುಂಬಕ್ಕೆ ಒಂದೇ, ಆ ಪಂಚಾಯಿತಿಯಲ್ಲಿ ವಾಸವಿರುವವರಿಗೆ ಮಾತ್ರ, ಮಾಲೀಕ ಅಥವಾ ಮನೆಯವರು ಅಲ್ಲೇ ದುಡಿಯಬೇಕು, ಆ ಎರಡು ಗುಂಟೆಯನ್ನು ಬೇರೆಯಾಗಿ ಮಾರುವಂತಿಲ್ಲ ಎಂದು ಬರೆಯಿರಿ. ಮಾರುವಂತಿಲ್ಲ ಎಂದೊಡನೆ ದಲ್ಲಾಳಿಗೆ ಅದರಲ್ಲಿ ಆಸಕ್ತಿ ಹೋಗುತ್ತದೆ.

ಹಾಗಾಗಿ ಕೇಳುತ್ತಿರುವುದು ನಾಲ್ಕು. ಒಂದು, 95ನೇ ಕಲಮಿನ ‘ಕೃಷಿ ಕಟ್ಟಡ’ದ ಅರ್ಥಕ್ಕೆ ಎರಡು ಗುಂಟೆಯೊಳಗಿನ ವಸತಿ-ಕಾರ್ಯಾಗಾರವನ್ನು ಸೇರಿಸಿ. ಎರಡು, ಜಂಟಿ ಪಹಣಿ ಇದ್ದಲ್ಲಿ ಪಾಲುದಾರರ ಒಪ್ಪಿಗೆ ಪತ್ರವೇ ಸಾಕೆಂದು ಮಾಡಿ, ಅನುಮತಿಯನ್ನು ಗ್ರಾಮ ಪಂಚಾಯಿತಿಯ ಮಟ್ಟದಲ್ಲೇ ಮುಗಿಸಿ. ಮೂರು, ಆ ಅನುಮತಿಯ ಮೇಲೆಯೇ ಮನೆಗೊಂದು, ಶೆಡ್ಡಿಗೊಂದು ಮೀಟರು ಕೊಡಿ. ನಾಲ್ಕು, ವಿಶ್ವಕರ್ಮ ಪಟ್ಟಿಯಲ್ಲಿರುವವನಿಗೆ, ನೇಕಾರನಿಗೆ ವಸತಿ ಯೋಜನೆಯ ಮನೆ ಮಂಜೂರಾದರೆ ಕೆಲಸದ ಕೋಣೆಗೆಂದು ಹೆಚ್ಚುವರಿ ಹಣ ಕೊಡಿ.

ಕಾಯ್ದೆ ತಿದ್ದುವುದು ವಿಧಾನಸೌಧದ ಕೆಲಸ. ಕೇಳುವುದು ಊರಿನ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಈ ವಿಷಯವನ್ನೂ ಎತ್ತಿ. ನಿಮ್ಮೂರಲ್ಲಿ ಇಂಥ ಶೆಡ್ಡು ಎಷ್ಟಿವೆ, ಎಷ್ಟಕ್ಕೆ ಕಾಗದವಿದೆ, ಎಷ್ಟಕ್ಕೆ ನೋಟಿಸ್ ಬಂದಿದೆ ಎಂದು ಒಂದು ಪಟ್ಟಿ ಮಾಡಿ, ನಿರ್ಣಯ ಬರೆಸಿ, ನಡಾವಳಿಯ ಪ್ರತಿ ಕೇಳಿ ತೆಗೆದುಕೊಳ್ಳಿ. ತಾಲೂಕು ವರದಿಗಾರರಾಗಿರುವ ನಮ್ಮ ಗೆಳೆಯರೂ ‘ಗುಳೆ ಹೊರಟ ಯುವಕರು’ ಎಂದು ವರ್ಷಕ್ಕೊಮ್ಮೆ ಫೋಟೋ ಹಾಕುವ ಜೊತೆಗೆ, ಊರಿಗೆ ಮರಳಿ ಬಂದವನ ಅರ್ಜಿ ಯಾವ ಮೇಜಿನ ಮೇಲೆ ಎಷ್ಟು ತಿಂಗಳಿಂದ ಕೂತಿದೆ ಎಂದು ಹುಡುಕಿ ಬರೆಯಲಿ. ಪಟ್ಟಿ ಕೈಯಲ್ಲಿದ್ದರೆ ಶಾಸಕರ ಮುಂದೆ ಇಡಲು ನಮ್ಮಲ್ಲಿ ಏನಾದರೂ ಇರುತ್ತದೆ.