ಕೋಡ್ ಓಪನ್, ಬೀಗದ ಕೈ ಯಾರ ಹತ್ರ?



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯ ನಮ್ಮ ಕೇರಿ ಮಕ್ಕಳು ಈಗ ಇಂಜಿನಿಯರಿಂಗ್, ಡಿಪ್ಲೊಮಾ, ಬಿಸಿಎ ಓದ್ತಾ ಇದ್ದಾರೆ. ಅವರಲ್ಲಿ ಕೆಲವರು ಓಪನ್ ಸೋರ್ಸ್ ಬಗ್ಗೆ ಖುಷಿಯಿಂದ ಮಾತಾಡ್ತಾರೆ. "ಅಲ್ಲಿ ಜಾತಿ ಕೇಳಲ್ಲ ಅಣ್ಣ, ಕೋಡ್ ಚೆನ್ನಾಗಿದ್ರೆ ಸಾಕು" ಅನ್ನೋದು ಅವರ ನಂಬಿಕೆ. ಹೋಗ್ಬೇಡಿ ಅಂತ ನಾನು ಹೇಳಲ್ಲ. ಖಂಡಿತ ಹೋಗಲಿ. ಆದರೆ ಅಲ್ಲಿ ಅಧಿಕಾರ ಯಾರ ಕೈಲಿದೆ ಅಂತ ತಿಳ್ಕೊಂಡು ಹೋಗಲಿ.

ಓಪನ್ ಸೋರ್ಸ್ ತಂತ್ರಾಂಶದ ಕೋಡನ್ನು ಯಾರು ಬೇಕಾದರೂ ಓದಬಹುದು, ನಕಲು ಮಾಡಿಕೊಳ್ಳಬಹುದು, ತಿದ್ದಬಹುದು. ನಿಮ್ಮ ಆಂಡ್ರಾಯ್ಡ್ ಮೊಬೈಲಿನ ಬುಡದಲ್ಲಿರೋ ಲಿನಕ್ಸ್ ಇಂಥದ್ದೇ. ಆದರೆ ನೀವು ತಿದ್ದಿದ್ದು ಮೂಲ ಕೋಡಿಗೆ ಸೇರಬೇಕೋ ಬೇಡವೋ ಅಂತ ತೀರ್ಮಾನ ಮಾಡೋರು ಮೇಂಟೇನರ್‌ಗಳು. ಎಷ್ಟೋ ಕಡೆ ಮುಂದಿನ ಮೇಂಟೇನರ್ ಯಾರು ಅಂತ ಆರಿಸೋರೂ ಅವರೇ. ಓದೋ ಹಕ್ಕು ಎಲ್ಲರಿಗೂ, ಸೇರಿಸೋ ಹಕ್ಕು ಕೆಲವರಿಗೆ.

ಈ ವ್ಯತ್ಯಾಸ ನಮಗೆ ಹೊಸದಲ್ಲ. ಮಹಾಡ್ ಪುರಸಭೆ ಚವದಾರ್ ಕೆರೆಯನ್ನು ಎಲ್ಲರಿಗೂ ಮುಕ್ತ ಅಂತ 1924ರಲ್ಲೇ ನಿರ್ಣಯ ಮಾಡಿತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ನೀರು ಮುಟ್ಟಬೇಕಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ವಾಪಸ್ ತಗೊಂಡಿತು. ನಿರ್ಣಯ ಮಾಡೋ ಜಾಗದಲ್ಲಿ ನಾವಿಲ್ಲದಿದ್ರೆ ಕೊಟ್ಟಿದ್ದನ್ನ ಕಿತ್ಕೊಳ್ಳೋದೂ ಅಷ್ಟೇ ಸುಲಭ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ದೇವಸ್ಥಾನದೊಳಗೆ ಕಾಲಿಟ್ಟಿದ್ದು 2021ರಲ್ಲಿ, ಅದೂ ಅಧಿಕಾರಿಗಳ ಸಮ್ಮುಖದಲ್ಲಿ. ಕಾನೂನಿನಲ್ಲಿ ಆ ಬಾಗಿಲು ಯಾವತ್ತೋ ತೆರೆದಿತ್ತು.

"ಮೆರಿಟ್ ಇದ್ದೋರು ಮೇಂಟೇನರ್ ಆಗ್ತಾರೆ" ಅಂತಾರೆ. ಈ ಮೆರಿಟ್ ಏನು? ಎಷ್ಟೋ ಕಡೆ ವರ್ಷಗಟ್ಟಲೆ, ಸಂಬಳ ಇಲ್ಲದೆ, ಬಿಡುವಿನ ವೇಳೆಯಲ್ಲಿ ಕೆಲಸ ಮಾಡಿ ನಂಬಿಕೆ ಗಳಿಸಬೇಕು. ಸ್ವಂತ ಲ್ಯಾಪ್‌ಟಾಪ್, ಇಂಗ್ಲಿಷ್, ಮನೆ ಖರ್ಚಿನ ಚಿಂತೆ ಇಲ್ಲದ ರಾತ್ರಿಗಳು ಇದ್ದವರಿಗೆ ಇದು ಹವ್ಯಾಸ. ಹಾಸ್ಟೆಲಲ್ಲಿ ಓದಿ, ರಜೆಯಲ್ಲಿ ಕೂಲಿಗೆ ಹೋಗೋ ಹುಡುಗನಿಗೆ ಆ ರಾತ್ರಿ ಎಲ್ಲಿಂದ ಬರಬೇಕು? ನಮ್ಮ ತಾತಂದಿರು ಬಿಟ್ಟಿ ಚಾಕರಿ ಮಾಡಿ ಸವೆದು ಹೋದರು. ಈಗ ಮೊಮ್ಮಕ್ಕಳು ಬಿಟ್ಟಿ ದುಡಿದು ಯೋಗ್ಯತೆ ತೋರಿಸಲಿ ಅಂದ್ರೆ ಹೇಗೆ? ಮೊಜಿಲ್ಲಾದಂಥ ಸಂಸ್ಥೆ ಕೂಡ ತನ್ನ ಆಡಳಿತವನ್ನು ವಿವರಿಸೋಕೆ 'ಮೆರಿಟ್ ಆಳ್ವಿಕೆ' ಅನ್ನೋ ಪದ ಬಳಸೋದನ್ನ 2018ರಲ್ಲಿ ಕೈಬಿಟ್ಟಿತು.

ಇನ್ನು ಪೈಥಾನ್ ನೋಡಿ. 2018ರ ತನಕ ಅದನ್ನು ಹುಟ್ಟುಹಾಕಿದ ಗೀಡೋ ವಾನ್ ರಾಸಮ್ ಅವರದೇ ಕೊನೆ ಮಾತು. ಅವರು ಕೆಳಗಿಳಿದ ಮೇಲೆ 2019ರಲ್ಲಿ ಐದು ಜನರ ಚುನಾಯಿತ ಸಮಿತಿ ಬಂತು. ಅದರ ನಿಯಮದಲ್ಲಿ ಒಂದು ಮಾತಿದೆ: ಒಂದೇ ಕಂಪನಿಯ ಇಬ್ಬರಿಗಿಂತ ಹೆಚ್ಚು ಜನ ಸಮಿತಿಯಲ್ಲಿ ಇರೋ ಹಾಗಿಲ್ಲ. ಯಾಕೆ? ಆ ಐದೂ ಜನ ಎಷ್ಟೇ ಪ್ರತಿಭಾವಂತರಾಗಿರಲಿ, ಒಂದೇ ಕಡೆಯವರು ಅಧಿಕಾರ ಹಿಡಿದ್ರೆ ತೀರ್ಮಾನ ಒಂದೇ ಕಡೆ ವಾಲುತ್ತೆ ಅಂತ ಅವರಿಗೆ ಗೊತ್ತು. ನಾವು ಮೀಸಲಾತಿ ಪರವಾಗಿ ಹೇಳ್ತಾ ಬಂದಿರೋದೂ ಇದನ್ನೇ. ಒಂದೇ ಕಂಪನಿಯವರು ತುಂಬಿದ್ರೆ ಅಪಾಯ, ಒಂದೇ ಜಾತಿಯವರು ತುಂಬಿದ್ರೆ ಮಾತ್ರ ಮೆರಿಟ್ಟಾ?

ಜಾತಿ ಅನ್ನೋ ಪದಕ್ಕೂ ಹೋರಾಡಬೇಕು. ಓಪನ್ ಸೋರ್ಸ್ ಯೋಜನೆಗಳು ಹೆಚ್ಚಾಗಿ ಬಳಸೋ ನಡವಳಿಕೆ ಸಂಹಿತೆ 'ಕಾಂಟ್ರಿಬ್ಯೂಟರ್ ಕವೆನೆಂಟ್'. 2018ರಲ್ಲಿ ಲಿನಕ್ಸ್ ಕರ್ನಲ್ ಒಪ್ಪಿಕೊಂಡದ್ದು ಅದರ 1.4ನೇ ಆವೃತ್ತಿ. ಅದರಲ್ಲಿ ಜಾತಿಯ ಹೆಸರೇ ಇಲ್ಲ. 2.1ನೇ ಆವೃತ್ತಿಯಲ್ಲಿ ಬಂದಿದೆ. ಒಂದು ಪದದಿಂದ ಜಾತಿ ಹೋಗಲ್ಲ, ನಿಜ. ಆದರೆ ದೂರು ಕೊಡೋನಿಗೆ ನಿಲ್ಲೋಕೆ ನೆಲ ಸಿಗುತ್ತೆ.

ನಮ್ಮ ಮಕ್ಕಳ ಕೈಲಿ ಆಗಲ್ಲ ಅನ್ನೋರು ಬೆಂಗಳೂರಿನ ಕೊಳೆಗೇರಿಯೊಂದರಲ್ಲಿ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಬಾಬಾಸಾಹೇಬರ ಹೆಸರಲ್ಲಿ ಕಟ್ಟಿದ ಕಂಪ್ಯೂಟರ್ ಕೇಂದ್ರವನ್ನ ನೆನಪಿಸಿಕೊಳ್ಳಲಿ. ಅಲ್ಲಿನ ಮಕ್ಕಳು ಗಿಂಪ್ ತಂತ್ರಾಂಶ ಕಲಿತು ಚಿತ್ರ ಬರೆದರು. ಹಾಸನದಲ್ಲೂ ಅಂಥದ್ದೊಂದು ಕಟ್ಟೋಕಾಗುತ್ತೆ. ಆದರೆ ಬಳಸೋದು ಕಲಿಸಿ ಅಲ್ಲಿಗೇ ನಿಲ್ಲಬಾರದು.

ಹಾಗಾಗಿ ತಮ್ಮಂದಿರೇ, ತಂಗಿಯರೇ, ಯಾವುದೇ ಯೋಜನೆಗೆ ಸೇರೋ ಮೊದಲು ಅದರ ಆಡಳಿತ ನಿಯಮ ಓದಿ. ಮೇಂಟೇನರ್ ಆಗೋದು ಹೇಗೆ ಅಂತ ಬರೆದಿದೆಯಾ? ಅವರನ್ನ ಬದಲಾಯಿಸೋ ದಾರಿ ಇದೆಯಾ? ಸಂಹಿತೆಯಲ್ಲಿ ಜಾತಿ ಇದೆಯಾ? ಇಲ್ಲ ಅಂದ್ರೆ ಕೇಳಿ. ಐಟಿಯಲ್ಲಿ ನೆಲೆ ಕಂಡಿರೋ ನಮ್ಮವರು ಒಬ್ಬೊಬ್ಬ ವಿದ್ಯಾರ್ಥಿಗೆ ಒಂದು ವರ್ಷದ ಖರ್ಚು ಕೊಟ್ಟು, ಪಕ್ಕದಲ್ಲಿ ಕೂತು ಕೆಲಸ ಕಲಿಸಿ. ಬಾಬಾಸಾಹೇಬರು ನೀರಿನ ಹಕ್ಕು ಕೇಳಿ ನಿಲ್ಲಲಿಲ್ಲ, ಸಂವಿಧಾನ ಬರೆಯೋ ಜಾಗದಲ್ಲಿ ಹೋಗಿ ಕೂತರು. ನಮ್ಮ ಮಕ್ಕಳೂ ನಿಯಮ ಬರೆಯೋ ಜಾಗಕ್ಕೆ ಹೋಗಬೇಕು.

ಜೈ ಭೀಮ್.