ಎಂಟು ದಿನದ ಮಾಲಿಕರು

ಮಳೆಗಾಲ ಬಾಗಿಲಿಗೆ ಬಂದಿದೆ. ಸೋರುವ ತಾರಸಿ, ಬಿರುಕು ಬಿಟ್ಟ ಗೋಡೆ, ನೀರು ಹೋಗದ ಬಚ್ಚಲು, ಇವುಗಳ ಚಿಂತೆ ಗಿರಣಿ ಕಾರ್ಮಿಕನ ಮನೆಯಲ್ಲೂ ಉಂಟು, ಕಿರಾಣಿ ಅಂಗಡಿಯವನ ಮನೆಯಲ್ಲೂ ಉಂಟು. ಅದರ ಜೊತೆಗೆ ಪ್ರತಿವರ್ಷವೂ ಕೇಳಿಬರುವ ಒಂದು ದೂರೂ ಉಂಟು. ನಂಬಿಕಸ್ತ ಮೇಸ್ತ್ರಿ ಸಿಗುವುದಿಲ್ಲ. ಮುಂಗಡ ತೆಗೆದುಕೊಂಡವನು ಮುಖ ತೋರಿಸುವುದಿಲ್ಲ. ತೋರಿಸಿದರೂ ಅರ್ಧ ಕೆಲಸ ಮಾಡಿ ಇನ್ನೊಬ್ಬರ ಮನೆಗೆ ಹೋಗಿಬಿಡುತ್ತಾನೆ. ಬಡಗಿಯ ಮಾತು ಬಂದರೂ ಇದೇ ರಾಗ, ನಲ್ಲಿ ಕೆಲಸದವನ ಮಾತು ಬಂದರೂ ಇದೇ ರಾಗ.

ದೂರು ಸುಳ್ಳೆಂದು ನಾವು ಹೇಳುವುದಿಲ್ಲ. ನಾವೂ ಆ ರಾಗ ಹಾಡಿದವರೇ. ಎರಡು ವರ್ಷದ ಹಿಂದೆ ನಮ್ಮ ಕಚೇರಿಯ ತಾರಸಿ ಸೋರತೊಡಗಿತು. ಇಬ್ಬರು ಮೇಸ್ತ್ರಿಗಳನ್ನು ಕರೆಸಿದೆವು. ಮೊದಲನೆಯವರು ಮೇಲೆ ಹತ್ತಿ, ನಾಲ್ಕು ಕೊಡ ನೀರು ಸುರಿಸಿ, ಅದು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕುಳಿತು ನೋಡಿ, 18,000 ರೂಪಾಯಿ ಆಗುತ್ತದೆ ಎಂದರು. ಎರಡನೆಯವನು ಕೆಳಗೇ ನಿಂತು 11,000 ಎಂದ. ನಾವು ಎರಡನೆಯವನನ್ನೇ ಹಿಡಿದೆವು. ಹಿಡಿದಿದ್ದಷ್ಟೇ ಅಲ್ಲ, ಚೌಕಾಸಿ ಮಾಡಿ 9,500ಕ್ಕೆ ಇಳಿಸಿದೆವು. ಗೆದ್ದೆವೆಂದು ಆ ದಿನ ಬೀಗಿದ್ದೂ ಉಂಟು. ಮೂರು ದಿನದಲ್ಲಿ ಕೆಲಸ ಮುಗಿಯಿತು. ಮೊದಲ ಮಳೆಗೇ ಕಾಗದದ ಕಟ್ಟುಗಳು ನೆನೆದವು. ಫೋನು ಮಾಡಿದರೆ ಆತ ಎತ್ತಲಿಲ್ಲ.

ಕೊನೆಗೆ ನಾಚಿಕೆ ಬಿಟ್ಟು ಮೊದಲನೆಯ ಮೇಸ್ತ್ರಿಯ ಮನೆಗೆ ಹೋದೆವು. ಅವರ ತಂದೆ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ನೂಲುವ ಖಾತೆಯಲ್ಲಿದ್ದವರು. ಗಿರಣಿ ನಿಂತ ಮೇಲೆ ಮಗ ಕರಣೆ ಹಿಡಿದರು. ಅವರು ಬಂದು, ಹೊಸ ಗಾರೆಯನ್ನು ಉಗುರಿನಿಂದ ಕೆರೆದು ನೋಡಿ, ನಮ್ಮ ಮೇಜಿನ ಮೇಲಿದ್ದ ಕಾಗದದಲ್ಲೇ ಲೆಕ್ಕ ಹಾಕಿದರು. 400 ಚದರಡಿ ಜಾಗ, ಒಂದೂವರೆ ಇಂಚು ದಪ್ಪ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು. ಇದಕ್ಕೆ ಹತ್ತು ಹನ್ನೊಂದು ಚೀಲ ಸಿಮೆಂಟ್ ಬೇಕೇ ಬೇಕು. ಮೇಸ್ತ್ರಿಯೊಬ್ಬ, ಆಳು ಇಬ್ಬರು, ಮೂರು ದಿನದ ಕೂಲಿ 6,000 ರೂಪಾಯಿ. ಉಳಿದ 3,500ರಲ್ಲಿ ಮರಳು ತಂದು ಮಿಕ್ಕಿದ್ದರಲ್ಲಿ ಐದು ಚೀಲ ಸಿಮೆಂಟ್ ಬರುತ್ತದೆ. "ನೀವು ಕೊಟ್ಟ ದುಡ್ಡಿಗೆ ಎಷ್ಟು ಬರುತ್ತದೋ ಅಷ್ಟನ್ನೇ ಅವನು ಹಾಕಿದ್ದಾನೆ, ಯಜಮಾನ್ರೇ" ಎಂದರು.

'ಯಜಮಾನ್ರೇ' ಎಂಬ ಆ ಮಾತು ನಮ್ಮನ್ನು ಚುಚ್ಚಿತು. ಕೂಲಿ ಕಡಿತದ ವಿರುದ್ಧ ಬರೆಯುವ ನಾವು, ಬೋನಸ್ಸಿಗಾಗಿ ಗೇಟಿನ ಮುಂದೆ ಕೂರುವ ನಮ್ಮ ಓದುಗರು, ಮನೆಗೆ ನಾಲ್ಕು ಆಳು ಬಂದ ಕೂಡಲೆ ಎಂಟು ದಿನದ ಮಟ್ಟಿಗೆ ಮಾಲಿಕರಾಗಿಬಿಡುತ್ತೇವೆ. ಮಾಲಿಕರ ಚೌಕಾಸಿ, ಮಾಲಿಕರ ಅನುಮಾನ, ಬಟವಾಡೆಯ ದಿನ ಮಾಲಿಕರ ಸಬೂಬು, ಎಲ್ಲವೂ ನಮಗೆ ಯಾರೂ ಕಲಿಸದೆ ಬರುತ್ತವೆ.

ಹಾಗೆಂದು ಆ ಎರಡನೆಯವನನ್ನು ನಾವು ಬಿಟ್ಟುಕೊಡುವುದಿಲ್ಲ. ಈ ಹಣಕ್ಕೆ ಈ ಕೆಲಸ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಅವನ ಧರ್ಮವಾಗಿತ್ತು. ಹೇಳಲಿಲ್ಲ, ಅದು ಅವನ ತಪ್ಪೇ. ಆದರೆ ಹೇಳಿದ್ದರೆ ನಾವು ಮೂರನೆಯವನನ್ನು ಹುಡುಕುತ್ತಿದ್ದೆವು ಎಂಬುದೂ ಅಷ್ಟೇ ನಿಜ.

ಮುಂಗಡದ ಗೋಳನ್ನೇ ತೆಗೆದುಕೊಳ್ಳಿ. ಮೇಸ್ತ್ರಿಗೆ ಬಂಡವಾಳವೆಂಬುದಿಲ್ಲ. ಅವನ ಆಳುಗಳು ಸಂಜೆಗೆ ಕೂಲಿ ಕೇಳುತ್ತಾರೆ. ಒಂದು ಮನೆಯವರು ಕೆಲಸವೆಲ್ಲ ಮುಗಿದ ಮೇಲೆ ಕೊನೆಯ ಎರಡು ಸಾವಿರಕ್ಕೆ "ನಾಳೆ ಬಾ, ನಾಡಿದ್ದು ಬಾ" ಎಂದು ನಾಲ್ಕು ಸಲ ಅಲೆಸುತ್ತಾರೆ. ಆ ಹಳ್ಳ ತುಂಬಲು ಅವನು ಮುಂದಿನ ಮನೆಯಲ್ಲಿ ಹೆಚ್ಚು ಮುಂಗಡ ಎತ್ತುತ್ತಾನೆ. ಅದನ್ನು ತೀರಿಸಲು ಮೂರನೆಯ ಮನೆ ಒಪ್ಪಿಕೊಳ್ಳುತ್ತಾನೆ. ಈಗ ಮೂರು ಮನೆಯಲ್ಲೂ ಅರ್ಧ ಕೆಲಸ. ಮೂರು ಮನೆಯವರೂ ಅವನನ್ನು ಮೋಸಗಾರನೆನ್ನುತ್ತಾರೆ. ಮೊದಲ ಮನೆಯವರ ಎರಡು ಸಾವಿರದ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಇದಕ್ಕೆ ನಮಗೆ ಕಂಡ ದಾರಿ ಇಷ್ಟು. ಸಾಮಾನನ್ನು ಮನೆಯವರೇ ಕೊಳ್ಳಲಿ. ಆಗ ದೊಡ್ಡ ಮುಂಗಡದ ಅಗತ್ಯವೇ ಬೀಳುವುದಿಲ್ಲ. ಆದ ಕೆಲಸಕ್ಕೆ ಶನಿವಾರ ಶನಿವಾರ ಬಟವಾಡೆ ಆಗಲಿ. ಮಳೆ ನೋಡಿ ಕೊಡುತ್ತೇವೆಂದು ಸ್ವಲ್ಪ ಹಣ ಹಿಡಿಯುವುದಿದ್ದರೆ, ಎಷ್ಟು, ಯಾವ ತಾರೀಖಿನವರೆಗೆ ಎಂದು ಮೊದಲೇ ಹೇಳಿ, ಆ ತಾರೀಖಿಗೆ ಅವನು ಕೇಳುವ ಮೊದಲೇ ಕೊಡಬೇಕು. ಹಳೆಯ ಗೋಡೆ ಒಡೆದು ರಿಪೇರಿ ಮಾಡುವ ಕೆಲಸಕ್ಕೆ ಗುತ್ತಿಗೆ ಮಾತಾಡುವುದು ಜೂಜಿನ ಹಾಗೆ, ಒಳಗೆ ಏನಿದೆಯೆಂದು ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅಂಥದ್ದಕ್ಕೆ ದಿನಗೂಲಿಯೇ ಸರಿ. ಹೊಸ ಗಾರೆ, ನೆಲದ ಟೈಲ್ಸ್ ಮುಂತಾಗಿ ಅಳೆಯಬಹುದಾದ ಕೆಲಸಕ್ಕೆ ಚದರಡಿ ಲೆಕ್ಕ ನಡೆಯುತ್ತದೆ.

ಗಾರೆಗೆ ನೀರುಣಿಸುವುದು ಯಾರ ಕೆಲಸವೆಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಅದು ನೀರಿನೊಡನೆ ಕೂಡಿಯೇ ಗಟ್ಟಿಯಾಗುವುದು. ಕಡಿಮೆಯೆಂದರೂ 7 ದಿನ ಒದ್ದೆಯಾಗಿಡಬೇಕು. ಕಾಂಕ್ರೀಟಿನ ಬಲವನ್ನು ಅಳೆಯುವುದು 28ನೇ ದಿನಕ್ಕೆ. ಕೆಲಸದವರು ನಾಲ್ಕನೇ ದಿನ ಬೇರೆ ಕಡೆ ಹೋಗಿರುತ್ತಾರೆ. ಕೊಡ ಹಿಡಿಯಬೇಕಾದವರು ಮನೆಯವರೇ. ಹಾಗೆಯೇ ಗೋಡೆಯೊಳಗಿನ ಕೊಳವೆಯಲ್ಲಿ ನೀರು ತುಂಬಿಸಿ ಜಿನುಗುವುದಿಲ್ಲವೆಂದು ನೋಡದೆ ಟೈಲ್ಸ್ ಹಚ್ಚಗೊಡಬಾರದು. ಆಮೇಲೆ ಒಡೆಯುವ ಖರ್ಚಿನ ಜಗಳಕ್ಕೆ ಕೊನೆಯಿಲ್ಲ.

ಇನ್ನು ಕಮಿಷನ್ನಿನ ಮಾತು. ನಮ್ಮ ಓದುಗರಲ್ಲಿ ಅಂಗಡಿಕಾರರೂ ಇದ್ದಾರೆ. ಅವರಿಗೆ ಬೇಸರವಾದರೂ ಹೇಳದೆ ವಿಧಿಯಿಲ್ಲ. ಪೈಪು, ನಲ್ಲಿ, ಟೈಲ್ಸ್ ಮಾರುವವರು ಗಿರಾಕಿಯನ್ನು ಕರೆತಂದ ಮೇಸ್ತ್ರಿಗೆ ಕೈಬಿಸಿ ಮಾಡುವುದು ಗುಟ್ಟಿನ ಸಂಗತಿಯಲ್ಲ. ಬಣ್ಣದ ಕಂಪನಿಗಳಂತೂ ಡಬ್ಬಿಯೊಳಗೇ ಬಣ್ಣ ಬಳಿಯುವವನಿಗೆಂದು ಟೋಕನ್ ಇಟ್ಟು ಕಳಿಸಿದ್ದುಂಟು. ಆ ಹಣ ಕಂಪನಿಯ ಕಿಸೆಯಿಂದ ಬಂದದ್ದಲ್ಲ. ಗಿರಾಕಿ ಕೊಟ್ಟ ಬೆಲೆಯೊಳಗೇ ಅದು ಇತ್ತು. ಕೂಲಿಯಲ್ಲಿ ನೂರು ರೂಪಾಯಿ ಉಳಿಸಿದೆವೆಂದು ನಾವು ಹಿಗ್ಗುತ್ತೇವೆ. ಆ ನೂರು ಇನ್ನೂರಾಗಿ ಬಿಲ್ಲಿನಲ್ಲಿ ಬಂದು ಕೂರುತ್ತದೆ. ನ್ಯಾಯವಾದ ಕೂಲಿ ಕೊಟ್ಟು, "ಕಮಿಷನ್ ಬೇಡ, ಒಳ್ಳೆಯ ಸಾಮಾನು ಯಾವುದು ಹೇಳು" ಎಂದು ಮೇಸ್ತ್ರಿಯನ್ನು ಕೇಳುವ ಧೈರ್ಯ ನಮಗಿರಬೇಕು. ಆ ಮೊತ್ತವನ್ನು ಗಿರಾಕಿಗೇ ಬಿಡುವ ಮನಸ್ಸು ಅಂಗಡಿಕಾರರಿಗಿರಬೇಕು.

ಒಳ್ಳೆಯ ಕೆಲಸದವನನ್ನು ಗುರುತಿಸುವುದು ಹೇಗೆಂದು ಕೆಲವರು ಕೇಳಿದ್ದಾರೆ. ವೈರಿಂಗಿನವನಿಗಾದರೆ ಸರಕಾರದ ಪರವಾನಗಿಯೆಂಬುದುಂಟು, ಕೇಳಿ ನೋಡಬಹುದು. ಗಾರೆಯವನಿಗೆ ಅವನ ಹಳೆಯ ಕೆಲಸವೇ ಪರವಾನಗಿ. ಎರಡು ಮಳೆಗಾಲ ಕಂಡ ಮನೆಯೊಂದನ್ನು ತೋರಿಸಲು ಹೇಳಿ. ಅಲ್ಲಿ ಮನೆಯ ಯಜಮಾನನನ್ನು ಕೇಳಬೇಡಿ, ನೆಲ ಒರೆಸುವ ಹೆಣ್ಣುಮಗಳನ್ನು ಕೇಳಿ. ನೀರು ಎಲ್ಲಿ ನಿಲ್ಲುತ್ತದೆಂದು ಆಕೆಗೆ ಗೊತ್ತು.

ಮಾತಾಡಿದ್ದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಯಾವ ಕೆಲಸ, ಯಾರ ಸಾಮಾನು, ಎಷ್ಟು ಕೂಲಿ, ಯಾವ ದಿನ ಬಟವಾಡೆ. ಈ ಹಾಳೆಯಿಂದ ಮನೆಯವರಿಗಿಂತ ಕೆಲಸದವನಿಗೇ ಹೆಚ್ಚು ಪ್ರಯೋಜನ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾಯಿದೆ ಬಂತು. ನಮ್ಮ ರಾಜ್ಯದ ಕಲ್ಯಾಣ ಮಂಡಳಿ 2007ರಲ್ಲಿ ಆರಂಭವಾಯಿತು. 18ರಿಂದ 60 ವರ್ಷದೊಳಗಿನವರು ಅಲ್ಲಿ ಹೆಸರು ಬರೆಸಲು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ 90 ದಿನದ ಮಾತು ಹಾಗೆಯೇ ಉಳಿದಿದೆ. ಇಂದು ಒಂದು ಮನೆ, ನಾಳೆ ಒಂದು ಮನೆ ಎಂದು ದುಡಿಯುವವನು 90 ದಿನಕ್ಕೆ ಪುರಾವೆ ಎಲ್ಲಿಂದ ತರಬೇಕು? ಎಂಟೆಂಟು ದಿನದ ಮಾಲಿಕರು ತಾರೀಖು ಹಾಕಿ ಸಹಿ ಮಾಡಿಕೊಟ್ಟರೆ ತಾನೆ? ಬೀಡಿ ಸೇದಿದ್ದಕ್ಕೆ ಹತ್ತು ನಿಮಿಷ ಲೆಕ್ಕ ಹಿಡಿಯುವ ನಾವು ಈ ಎರಡು ಸಾಲು ಬರೆದುಕೊಡಲು ಯಾಕೆ ಹಿಂಜರಿಯುತ್ತೇವೆಯೋ ತಿಳಿಯದು.

ನಮ್ಮ ಕಚೇರಿಯ ಮೂಡಣ ಗೋಡೆಯ ಗಾರೆ ಈ ವರ್ಷ ಉದುರತೊಡಗಿದೆ. ಆ ಮೇಸ್ತ್ರಿಯನ್ನೇ ಕರೆದಿದ್ದೇವೆ. ಅವರು ಕೂಲಿಯ ಮಾತೆತ್ತುವ ಮೊದಲು ಗೋಡೆಯ ಎತ್ತರ ನೋಡಿ, "ಸಾರವೆ ಕಟ್ಟುವ ಖರ್ಚು ಯಾರದು?" ಎಂದು ಕೇಳಿದರು. ಹೋದ ವರ್ಷ ಇನ್ನೊಂದು ಕಡೆ ಕಟ್ಟದೆ, ಡ್ರಮ್ಮಿನ ಮೇಲೆ ಹಲಗೆ ಹಾಕಿ ನಿಂತು, ಅವರ ಆಳೊಬ್ಬ ಬಿದ್ದು ಸೊಂಟ ಮುರಿದುಕೊಂಡಿದ್ದನಂತೆ. ಖರ್ಚು ನಮ್ಮದು ಎಂದಿದ್ದೇವೆ. ಸೋಮವಾರ ಬೊಂಬು ಬರುತ್ತದೆ.